ಹಾದಿಯ ಹಕಾರ

ನಮ್ಮ ಮನೆಯಲ್ಲಿ ಹೆದರಿಕೆಗೂ ಹಕಾರವಿಲ್ಲ. "ಎದರಬ್ಯಾಡ ಕಣವ್ವ" ಅಂತಲೇ ಅವ್ವ ನನ್ನನ್ನು ಬೆಳೆಸಿದ್ದು. ಹಾಲು ಆಲಾಗಿ, ಹೂವು ಊವಾಗಿ, ಹನುಮಮ್ಮ ಎಂಬ ಅವ್ವನ ಹೆಸರೇ ಅನುಮಮ್ಮನಾಗಿ ಸಂಸಾರ ಸುಖವಾಗಿಯೇ ಸಾಗಿತ್ತು. ತೊಂದರೆ ಶುರುವಾದದ್ದು ನಾನು ಆರ್ಕೆಸ್ಟ್ರಾ ಸೇರಿದ ಮೇಲೆ.

ಅರಸೀಕೆರೆಯ 'ಚೈತ್ರ ಮೆಲೋಡೀಸ್' ನಡೆಸುತ್ತಿದ್ದವರು ಕೀಬೋರ್ಡಿನ ಉಮಾಶಂಕರ್ ಮಾಸ್ಟರು. ನನ್ನ ದನಿಗೆ ಮರುಳಾಗಿ ಕರೆದವರು ಅವರೇ, ನನ್ನ ನಾಲಿಗೆಗೆ ದಿನಾ ಮಂಗಳಾರತಿ ಮಾಡುತ್ತಿದ್ದವರೂ ಅವರೇ. "ಲತಾಮಣಿ, ಹ ಎಲ್ಲಮ್ಮ ಹೋಯ್ತು? ಜಂಕ್ಷನ್ನಲ್ಲೇ ಇಳ್ಕೊಂಡ್ತಾ?" ಅನ್ನುತ್ತಿದ್ದರು. ಬೈಸಿಕೊಂಡು ಬೈಸಿಕೊಂಡು ಕಲಿತೆ. ಆದರೆ ಹೆದರಿದೆನೆಂದರೆ ಸಾಕು, ನಾಲಿಗೆ ಸೀದಾ ಅವ್ವನ ಮಡಿಲಿಗೆ ಓಡುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನ ಸಂಗೀತ ನಿರ್ದೇಶಕರೊಬ್ಬರು ಸಿನಿಮಾ ಹಾಡಿಗೆಂದು ನನ್ನನ್ನು ಕರೆಸಿದರು. ತಿಪಟೂರಿನ ಕಾರ್ಯಕ್ರಮದಲ್ಲಿ ನನ್ನ ಹಾಡು ಕೇಳಿದ್ದರಂತೆ. ಜೊತೆಗೆ ಅಪ್ಪ ಬಂದ. ಅಪ್ಪ ಜವರಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ಹಾಕುವುದು, ಹಳಿ ಕಾಯುವುದು ಅವನ ಕೆಲಸ. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಾಗ ನನ್ನ ಕೈಕಾಲು ತಣ್ಣಗಾದವು. 'ಹಾದಿಯ ತುದಿಯಲಿ ನೀನಿರುವೆ' ಎಂಬುದು ಪಲ್ಲವಿ. ಹೇಗೆ ಹಾಡಿದೆನೋ ಗೊತ್ತಿಲ್ಲ. ಹೊರಗೆ ಬಂದಾಗ ನಿರ್ದೇಶಕರು, "ಟ್ರ್ಯಾಕ್ ಚೆನ್ನಾಗಿ ಬಂತಮ್ಮ" ಅಂದರು.

ಅಪ್ಪನ ಮುಖ ಅರಳಿತು. ಇಡೀ ಸ್ಟುಡಿಯೋದಲ್ಲಿ ಅವನಿಗೆ ಗೊತ್ತಿದ್ದ ಪದ ಅದೊಂದೇ. ಊರಿಗೆ ಬಂದವನೇ ಸ್ಟೇಷನ್ನಿನ ಟೀ ಅಂಗಡಿಯಿಂದ ಹಿಡಿದು ಕಂಡಕಂಡವರಿಗೆಲ್ಲ, "ನನ್ ಮಗ್ಳು ಸಿನ್ಮಾಕ್ಕೆ ಟ್ರ್ಯಾಕ್ ಆಡವ್ಳೆ" ಎಂದು ಸಾರಿದ. ಮಾಸ್ಟರು ಇನ್ನೂ ಒಂದು ಕೈ ಮೇಲೆ. 'ಚಲನಚಿತ್ರ ಹಿನ್ನೆಲೆ ಗಾಯಕಿ ಕು. ಲತಾಮಣಿ' ಎಂದು ಪೋಸ್ಟರ್ ಹೊಡೆಸಿಯೇಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ. ಆದರೆ ಆಗ ನನಗೂ ಕುಲಾವಿ ಚೆನ್ನಾಗಿಯೇ ಕಂಡಿತ್ತು.

ನವೆಂಬರಿನಲ್ಲಿ ಹಳೇಬೀಡಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಮಧ್ಯಾಹ್ನ ಮೆಟಡಾರ್ ಹತ್ತಿದೆವು. ಅಪ್ಪ ಬಿಳಿ ಅಂಗಿ ತೊಟ್ಟು ಡ್ರೈವರ್ ಪಕ್ಕ ಕೂತು ಅವನಿಗೂ ನನ್ನ ಟ್ರ್ಯಾಕಿನ ಕಥೆ ಶುರು ಮಾಡಿದ್ದ. ಜಾವಗಲ್ ದಾಟಿದ ಮೇಲೆ ಮಾಸ್ಟರು ನನ್ನ ಪಕ್ಕಕ್ಕೆ ಸರಿದು ಕೂತರು. ಅವರ ಮುಖದಲ್ಲಿ ಕಳೆಯೇ ಇರಲಿಲ್ಲ.

"ಆ ಹಾಡು ಹೊರಗೆ ಬಂದಿದೆ ಕಣಮ್ಮ. ಸಮಿತಿಯ ಹೊನ್ನಯ್ಯ ಹಾಸನದಿಂದ ಕ್ಯಾಸೆಟ್ ತಂದಿದ್ದಾರಂತೆ. ನೀನು ಸ್ಟೇಜಿಗೆ ಬರೋ ಮುಂಚೆ ಮೈಕಲ್ಲಿ ಹಾಕ್ತಾರಂತೆ."

"ಒಳ್ಳೇದೇ ಅಲ್ವ ಸಾರ್?"

"ಟ್ರ್ಯಾಕ್ ಅಂದ್ರೆ ಏನು ಅಂತ ಗೊತ್ತಾ ನಿಂಗೆ?" ಮಾಸ್ಟರು ದನಿ ತಗ್ಗಿಸಿದರು. "ದೊಡ್ಡ ಗಾಯಕಿ ಕೇಳಿ ಕಲಿಯೋಕೆ ಅಂತ ಚಿಕ್ಕೋರ ಹತ್ರ ಮೊದಲು ಹಾಡಿಸ್ತಾರೆ. ಆಕೆ ಮುಂಬೈಯೋಳು, ಕನ್ನಡ ಬರಲ್ಲ. ನಿನ್ನ ಹಾಡು ಕೇಳ್ಕೊಂಡು ಹಿಂದೀಲಿ ಬರ್ಕೊಂಡು ಹಾಡ್ತಾಳೆ. ಆಮೇಲೆ ನಿನ್ನ ದನಿ ತೆಗೆದುಬಿಡ್ತಾರೆ. ಒಂದೊಂದ್ಸಲ ಟ್ರ್ಯಾಕನ್ನೇ ಉಳಿಸ್ಕೊಳ್ಳೋದೂ ಉಂಟು. ಆ ಆಸೆ ಮೇಲೇ ನಾನು ಪೋಸ್ಟರ್ ಹಾಕಿಸಿದ್ದು."

ಮುಂದಿನ ಸೀಟಿನಲ್ಲಿ ಅಪ್ಪ ಡ್ರೈವರಿಗೆ ಹೇಳುತ್ತಲೇ ಇದ್ದ. ಕ್ಯಾಸೆಟ್ಟಿನಲ್ಲಿ ನನ್ನ ದನಿ ಇರದಿದ್ದರೆ ಮರ್ಯಾದೆ ಹೋಗುವುದು ಮಾಸ್ಟರದ್ದಲ್ಲ, ನನ್ನದೂ ಅಲ್ಲ, ಈ ಬಿಳಿ ಅಂಗಿಯದು.

ಹಳೇಬೀಡು ತಲುಪಿದಾಗ ಟೂರಿಸ್ಟ್ ಬಸ್ಸುಗಳು ಹೊರಟುಹೋಗಿ, ಬಸ್ ಸ್ಟ್ಯಾಂಡಿನ ಬಳಿ ಹಾಕಿದ ವೇದಿಕೆಯ ಮುಂದೆ ಜನ ಸೇರುತ್ತಿದ್ದರು. ಹೊನ್ನಯ್ಯನವರು ಎದುರಿಗೇ ಬಂದು, "ಗಾಯಕಿಯ ತಂದೆಯೋರು ಹಿಂದೆ ನಿಂತ್ಕಳದೇನು, ಬನ್ನಿ" ಎಂದು ಅಪ್ಪನ ಕೈಹಿಡಿದು ಕರೆದೊಯ್ದು ಮೊದಲ ಸಾಲಿನಲ್ಲಿ, ಪಂಚಾಯ್ತಿ ಅಧ್ಯಕ್ಷರ ಪಕ್ಕ ಕೂರಿಸಿದರು. ಅಪ್ಪನನ್ನು ಹಾಗೆ ಮುಂದೆ ಕೂರಿಸಿದವರನ್ನು ನಾನು ನೋಡಿರಲಿಲ್ಲ. ಕುರ್ಚಿಯ ಅಂಚಿಗೆ ಕೂತು, ಮೊಳಕಾಲಿನ ಮೇಲೆ ಕೈಯಿಟ್ಟುಕೊಂಡು, ಅವನು ಅತ್ತಿತ್ತ ನೋಡಿದ. ಇನ್ನೊಂದು ಗಳಿಗೆಗೆ ಇದೇ ಜನ ಅವನನ್ನು ಎಬ್ಬಿಸುತ್ತಾರೆ.

ವೇದಿಕೆಯ ಬದಿಯ ಪರದೆ ಹಿಡಿದುಕೊಂಡು ನಿಂತೆ. ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ. ನಮ್ಮ ಕಡೆಯ ಕರೆಂಟಿಗೆ ಬೇಡವೆಂದಾಗ ಹೋಗುವುದು ಗೊತ್ತೇ ಹೊರತು ಬೇಕೆಂದಾಗ ಹೋಗುವುದು ಗೊತ್ತಿಲ್ಲ. ಹೊನ್ನಯ್ಯನವರು ಕ್ಯಾಸೆಟ್ ಎತ್ತಿ ತೋರಿಸಿದರು. ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ತಂದದ್ದು. ಮೇಲೆ ಯಾರ ಹೆಸರೂ ಇರಲಿಲ್ಲ. "ಈಗ ನಮ್ಮ ಲತಾಮಣಿಯವರು ಸಿನಿಮಾಗೆ ಹಾಡಿರೋ ಹಾಡು" ಎಂದು ಗುಂಡಿ ಒತ್ತಿದರು.

ಮೊದಲು ಕೊಳಲು. ಆಮೇಲೆ ದನಿ.

ನನ್ನದಲ್ಲ. ಬೆಣ್ಣೆಯಂತಹ ದನಿ, ಎಲ್ಲಿಯೂ ಗರಗರ ಇಲ್ಲ. ಅಷ್ಟರಲ್ಲಿ ಆ ದನಿ ಪಲ್ಲವಿ ಎತ್ತಿಕೊಂಡಿತು. 'ಆದಿಯ ತುದಿಯಲಿ ನೀನಿರುವೆ.'

ಮಾಸ್ಟರು ಕೀಬೋರ್ಡಿನಿಂದ ತಿರುಗಿ ನನ್ನನ್ನೇ ದುರುಗುಟ್ಟಿ ನೋಡಿದರು. ಗಾಜಿನ ಕೋಣೆಯಲ್ಲಿ ಹೆದರಿ ನಾನು ನುಂಗಿದ್ದ ಹಕಾರವನ್ನು ಆ ಮುಂಬೈ ಗಾಯಕಿ ನಿಯತ್ತಾಗಿ ನುಂಗಿದ್ದಳು. ಅಧ್ಯಕ್ಷರು, "ಆದಿಗೂ ತುದಿ ಐತೆ ಅಂತವ್ನೆ ಕವಿ. ಎಂಥ ಮಾತು" ಎಂದು ತಲೆದೂಗಿದರು. ಜನ ಚಪ್ಪಾಳೆ ತಟ್ಟಿದರು. ಅದು ನನ್ನ ದನಿಯೆಂದೇ ಅವರೆಲ್ಲ ನಂಬಿದ್ದರು. ಇನ್ನೀಗ ನಾನು ಬಾಯಿ ತೆರೆದರೆ ಬಯಲಾಗಬೇಕು.

ಒಬ್ಬನು ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಅಪ್ಪ ಎದ್ದು ವೇದಿಕೆಯ ಬದಿಗೆ ಬರುತ್ತಿದ್ದ.

"ದನಿ ನಿಂದಲ್ವಲ್ಲವ್ವ" ಅಂದ.

"ಅಲ್ಲ ಕಣಪ್ಪ. ಬೇರೆಯೋರ್ದು. ನಾನು ಬರೀ ಟ್ರ್ಯಾಕ್ ಅಂತೆ." ಅಳು ಬಂತು. "ಊರಿಗೆಲ್ಲ ಏಳ್ಕಂಡ್ ಬಂದಿದ್ಯಲ್ಲಪ್ಪ."

"ಊಂ. ಟ್ರ್ಯಾಕ್ ಅಂತ್ಲೇ ಏಳಿದ್ದು." ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. "ಟ್ರ್ಯಾಕ್ ಆಕೋರು ನಾವು, ಅದ್ರ ಮ್ಯಾಲೆ ಓಗೋ ಗಾಡಿ ಬ್ಯಾರೆಯೋರ್ದು. ಗಾಡಿ ನಂದು ಅಂತ ನಾನು ಯಾವತ್ತಾರ ಅಂದಿದ್ದೀನಾ? ಗಾಡಿ ಬೀಳ್ದಂಗೆ ಓಯ್ತಲ್ಲ, ಸಾಕು. ಎದರಬ್ಯಾಡ, ಓಗು."

ಹೇಳಿದವನು ವಾಪಸು ಹೋಗಿ ಅದೇ ಕುರ್ಚಿಯಲ್ಲಿ ಕೂತ. ಈ ಸಲ ಬೆನ್ನು ಒರಗಿಸಿ ಕೂತ. ಇಷ್ಟು ತಿಂಗಳು ಅವನು ಹೆಮ್ಮೆಪಟ್ಟಿದ್ದು ಸರಿಯಾದದ್ದಕ್ಕೇ. ತಪ್ಪು ತಿಳಿದಿದ್ದವಳು ನಾನು.

ಮೈಕಿನ ಮುಂದೆ ನಿಂತೆ. ಮಾಸ್ಟರು ಹಿಂದಿನಿಂದ ಪಿಸುಗುಟ್ಟಿದರು. "ಕ್ಯಾಸೆಟ್ಟಲ್ಲಿ ಇರೋ ಹಾಗೇ ಹಾಡು. ಹ ಬಿಟ್ಟುಬಿಡಮ್ಮ, ದಮ್ಮಯ್ಯ."

ಬಿಡಬೇಕೆಂದೇ ಇದ್ದೆ. ಆದರೆ ನನ್ನ ನಾಲಿಗೆ ಹಕಾರ ಬಿಡುವುದು ಹೆದರಿದಾಗ ಮಾತ್ರ. ಮೈಯಲ್ಲಿ ಹುಡುಕಿದರೂ ಹೆದರಿಕೆ ಸಿಗಲಿಲ್ಲ. 'ಹಾದಿಯ ತುದಿಯಲಿ' ಎಂದು ಎತ್ತಿಕೊಂಡೆ. ಹಕಾರ ಬಸ್ ಸ್ಟ್ಯಾಂಡಿನ ಆಚೆಯವರೆಗೂ ಕೇಳಿಸಿತು.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಅದು ಆದಿ ಕಣವ್ವ. ಕ್ಯಾಸೆಟ್ ಕೇಳಿ ಸರ್ಯಾಗಿ ಕಲ್ತ್ಕಂಡ್ ಬಾ."

ಜನ ನಕ್ಕರು, ಶಿಳ್ಳೆ ಬಿದ್ದವು. ನಾನು ಹಾಡುತ್ತಲೇ ಮೊದಲ ಸಾಲು ನೋಡಿದೆ. ಅಪ್ಪನನ್ನು ಯಾರೂ ಎಬ್ಬಿಸಲಿಲ್ಲ, ಅವನೂ ಏಳಲಿಲ್ಲ.