ಕಾಲಡಿಗೆ ಬಂದ ಲಟ್ಟಣಿಗೆ

ನಾನು ಒಂದು ಲಟ್ಟಣಿಗೆ. ಮೊದಲು ಜಾಲಿ ಮರದ ಕೊಂಬೆಯಾಗಿದ್ದೆ. ಅಣ್ಣಿಗೇರಿಯ ಮೌನೇಶಪ್ಪ ಬಡಿಗೇರ ನನ್ನನ್ನು ಕಡಿದು, ನೆರಳಲ್ಲಿ ಒಣಗಿಸಿ, ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ. ಎಣ್ಣೆ ಹಚ್ಚಿ ಬಿಸಿಲಿಗೆ ಹಿಡಿದಾಗ ನಾನು ಎಷ್ಟು ಚೆಂದ ಕಂಡೆನೆಂದರೆ, ಮಾರುವುದು ಬೇಡ ಎಂದು ಅವನ ಹೆಂಡತಿ ಹಟ ಹಿಡಿದಳು. ನನಗೆ ಸ್ವಲ್ಪ ಜಂಬವಿದ್ದರೆ ಅದಕ್ಕೆ ಅವಳೇ ಕಾರಣ.

ಕಡೆಗೂ ಮಾರಿದರು. ಹೊಸ ಸೊಸೆ ಗುರುಸಿದ್ದವ್ವನ ಅಡಿಗೆಮನೆ ಸೇರಿದೆ. ಎಷ್ಟು ಚಪಾತಿ, ಎಷ್ಟು ಹೋಳಿಗೆ, ಲೆಕ್ಕ ಇಟ್ಟವರಾರು? ಆ ಮನೆಯಲ್ಲಿ ನನ್ನ ಮರ್ಯಾದೆ ದೊಡ್ಡದು. ಅವಳ ಮಗ ಈರಣ್ಣ ಅಂಬೆಗಾಲಿಡುವಾಗ ಒಮ್ಮೆ ನನಗೆ ಒದ್ದ. ಗುರುಸಿದ್ದವ್ವ ಓಡಿ ಬಂದು ನನ್ನನ್ನು ಅವನ ಕಣ್ಣಿಗೆ ಒತ್ತಿಸಿದಳು. "ಅನ್ನದ ಸಾಮಾನಪಾ ಇದು, ಕಾಲು ತಾಕಬಾರದು" ಎಂದಳು. ಆ ಮಗುವಿಗೆ ಏನೂ ತಿಳಿಯಲಿಲ್ಲ. ನನಗೆ ಮಾತ್ರ ತಿಳಿಯಿತು, ಬಹಳ ಖುಷಿಯೂ ಆಯಿತು.

ಅದೇ ಈರಣ್ಣ ಬೆಳೆದು ನೀಲಗಂಗವ್ವನನ್ನು ಮದುವೆಯಾದ. ನಾನು ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದೆ. ನೀಲಗಂಗವ್ವ ಕೆಲಸದಲ್ಲಿ ಗಾಳಿ. ಚಪಾತಿ ಲಟ್ಟಿಸುತ್ತಲೇ ಹಾಡುವವಳು, ಹಾಡುತ್ತಲೇ ನಗುವವಳು. ಅಪ್ಪ ಅವ್ವ ತೀರಿಕೊಂಡ ಮೇಲೆ ತಂಗಿ ಬಸಲಿಂಗವ್ವನಿಗೆ ಅವಳ ಮನೆಯೇ ತವರು. ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿ ಗದಗಿನಿಂದ ಬರುತ್ತಾಳೆ. ಅಕ್ಕ ತಂಗಿ ಅಂಗಳದಲ್ಲಿ ಕೈಗೆ ಕೈ ಹೆಣೆದು, ಪಾದಕ್ಕೆ ಪಾದ ಜೋಡಿಸಿ, ಹಿಂದಕ್ಕೆ ಬಾಗಿ ಗಿರಗಿರನೆ ಫುಗಡಿ ಆಡುತ್ತಾರೆ. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲೂ ಅದೊಂದನ್ನು ಅವರು ಬಿಟ್ಟಿರಲಿಲ್ಲ.

ಒಂದು ವರ್ಷ ಸಂಕ್ರಾಂತಿ ಮುಗಿದ ವಾರ ನೀಲಗಂಗವ್ವ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟವಳೇ "ಎವ್ವಾ" ಎಂದು ಗೋಡೆ ಹಿಡಿದಳು. ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗೆ ನೋವು. ಓಣಿಯ ಹೆಂಗಸರು ಬಂದು, ಮುಳ್ಳು ಒಳಗೇ ಮುರಿದಿದೆ ಎಂದು ಪಿನ್ನು ಹಿಡಿದು ಕೆದಕಿದರು. ಇಲ್ಲದ ಮುಳ್ಳು ಎಲ್ಲಿಂದ ಸಿಗಬೇಕು? ನಾಲ್ಕು ಹೆಜ್ಜೆ ನಡೆದರೆ ನೋವು ಕಡಿಮೆಯಾಗುತ್ತಿತ್ತು. ಹಾಗಾಗಿ ಕೂತರೇ ಕೆಟ್ಟದ್ದೆಂದು ತಿಳಿದು ಅವಳು ಇಡೀ ದಿನ ಬರಿಗಾಲಲ್ಲಿ ಬಂಡೆ ಹಾಸಿದ ನೆಲದ ಮೇಲೆ ನಿಂತೇ ಇದ್ದಳು. ಸಂಜೆಗೆ ಕುಂಟುತ್ತಿದ್ದಳು. ಹಾಡು ನಿಂತಿತು. ಸುದ್ದಿ ಕೇಳಿದ ತಂಗಿ ಫೋನಿನಲ್ಲಿ, "ಅಕ್ಕಾ, ಫುಗಡಿ ಇಲ್ಲಂದ್ರ ಅದೆಂಥಾ ತವರು?" ಎಂದು ಕಾಡಿಸಿದಾಗ ಇವಳು ನಕ್ಕಳು. ಫೋನಿಟ್ಟ ಮೇಲೆ ನನ್ನನ್ನು ಹಿಡಿದುಕೊಂಡು ಅತ್ತಳು. ನನಗೆ ಸಂಕಟವಾಯಿತು.

ಕೊನೆಗೆ ಈರಣ್ಣ ಅವಳನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮರಳಿ ಬಂದು ಇಬ್ಬರೂ ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದನ್ನು ನಾನು ಕೇಳಿದೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆಯಂತೆ. ದಣಿದು ದಣಿದು ಅದು ನೊಂದಿದೆಯಂತೆ. ರಾತ್ರಿ ಮುದುಡಿಕೊಂಡದ್ದು ಬೆಳಗಿನ ಮೊದಲ ಹೆಜ್ಜೆಗೆ ಜಗ್ಗುತ್ತದೆ, ಅದೇ ನೋವು. ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಕೈಯಿಂದ ತನ್ನ ಕಡೆ ಎಳೆದುಕೊಳ್ಳಬೇಕು. ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸಬೇಕು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕು. ಮತ್ತೆ, ಕುರ್ಚಿಯಲ್ಲಿ ಕೂತು ಕಾಲಡಿಗೆ ಲಟ್ಟಣಿಗೆ ಇಟ್ಟುಕೊಂಡು ಮೆಲ್ಲಗೆ ಉರುಳಿಸಬೇಕು.

ಕಾಲಡಿಗೆ? ನನ್ನನ್ನೇ?

"ಹೊಸಾದೊಂದು ತರ್ತೀನಿ" ಎಂದ ಈರಣ್ಣ.

"ಹೊಸಾದಾದ್ರೂ ಲಟ್ಟಣಗೀನ ಅಲ್ಲನ್ರಿ? ಅನ್ನದ ಸಾಮಾನು. ಅತ್ತಿ ಏನಂದಾರು?" ಎಂದಳು ನೀಲಗಂಗವ್ವ.

ಆದರೆ ನೋವು ಬಿಡಬೇಕಲ್ಲ. ಅವಳು ಒಂದು ಉಪಾಯ ಹುಡುಕಿದಳು. ಅತ್ತೆ ಹೊರಗೆ ಕೂತಿದ್ದಾಗ ಪಾದವನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ನನ್ನನ್ನು ಅದರ ಮೇಲೆ ಚಪಾತಿ ಲಟ್ಟಿಸುವ ಹಾಗೆ ಲಟ್ಟಿಸಿದಳು. ಹದಿನೈದು ದಿನ ಹೀಗೇ ನಡೆಯಿತು. ಅಂಗಾಲಿಗೆ ಕಚಗುಳಿಯಾಯಿತೇ ಹೊರತು ನೋವು ಜಗ್ಗಲಿಲ್ಲ. ಹದಿನಾರನೆಯ ದಿನ ಗುರುಸಿದ್ದವ್ವ ಬಾಗಿಲಲ್ಲಿ ಬಂದು ನಿಂತಳು.

"ಏನ್ ಮಾಡಾಕತ್ತೀಯವ್ವಾ?"

ನೀಲಗಂಗವ್ವನ ಕೈ ಅಲ್ಲೇ ನಿಂತಿತು. "ಕಾಲು ಅದರ ಮ್ಯಾಲಿಲ್ರಿ ಅತ್ತಿ. ಅದ ಕಾಲಿನ ಮ್ಯಾಲೈತಿ" ಎಂದು ತೊದಲಿ, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು.

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರಿಗೆ ಮೋಸ ಮಾಡಾಕತ್ತಿ? ದೇವರಿಗೋ, ಕಾಲಿನ ಹಿಂಬಡಕ್ಕೋ?" ಎನ್ನುತ್ತ ನನ್ನನ್ನು ಕಿತ್ತುಕೊಂಡು ಕಣ್ಣಿಗೊತ್ತಿಕೊಂಡಳು. "ಇಷ್ಟ ವರ್ಷ ಈ ಮನಿ ಹೊಟ್ಟಿ ನೋಡಿದಿ. ಇನ್ನ ಕಾಲು ನೋಡು" ಎಂದು ನೆಲಕ್ಕಿಟ್ಟಳು. ಕುಕ್ಕರುಗಾಲಲ್ಲಿ ಕೂತು ಸೊಸೆಯ ಪಾದ ಎತ್ತಿದಳು.

"ಬ್ಯಾಡ್ರಿ ಅತ್ತಿ, ನೀವು ನನ್ನ ಕಾಲು ಹಿಡೀಬಾರದು."

"ಸುಮ್ನ ಕೂಡ" ಎಂದು ಗದರಿ, ಆ ಪಾದವನ್ನು ತಂದು ನನ್ನ ಮೇಲೆ ಇಟ್ಟಳು.

ಅಂದಿಗೆ ನನ್ನ ಅಡಿಗೆಮನೆಯ ಋಣ ತೀರಿತು. ಅಲ್ಲಿಗೆ ಹೊಸ ಲಟ್ಟಣಿಗೆ ಬಂತು, ನಾನು ಪಡಸಾಲೆಯ ಕುರ್ಚಿಯ ಕೆಳಗೆ ಇಳಿದೆ. ಎರಡು ದಿನ ನನಗೆ ಬೇಸರವಿತ್ತು, ಮುಚ್ಚಿಡುವುದೇಕೆ? ಆಮೇಲೆ ಕೆಲಸ ಹಿಡಿಸಿತು. ನೀಲಗಂಗವ್ವ ದಿನಾ ಎರಡು ಹೊತ್ತು ಕಾಲು ಉರುಳಿಸುತ್ತಿದ್ದಳು. ಮೆತ್ತನೆ ಚಪ್ಪಲಿ ಒಲೆಯ ಮುಂದೂ ಬಂತು, ಅತ್ತೆ ಕಂಡೂ ಕಾಣದಂತೆ ಇದ್ದಳು. ಶಿವರಾತ್ರಿಗೆ ನೋವು ಇತ್ತು, ಯುಗಾದಿಗೂ ಇತ್ತು. ಕಾರಹುಣ್ಣಿವೆಯ ಬೆಳಿಗ್ಗೆ ಅವಳು ಗೋಡೆ ಹಿಡಿಯದೆ ನಡೆದು ಬಂದು, ಅರ್ಧ ಪಡಸಾಲೆ ದಾಟಿದ ಮೇಲೆ ಅದು ಅರಿವಾಗಿ ನಿಂತುಬಿಟ್ಟಳು. ಆಮೇಲೆ ಅಡಿಗೆಮನೆಯಿಂದ ಹಾಡು ಕೇಳಿಸಿತು.

ಪಂಚಮಿಗೆ ತಂಗಿ ಬಂದಳು. ಶೇಂಗಾ ಉಂಡಿ ತಿಂದು, ಅಕ್ಕ ತಂಗಿ ಅಂಗಳಕ್ಕಿಳಿದರು. ತೆರೆದ ಬಾಗಿಲಿನಿಂದ ನನಗೆ ನಾಲ್ಕು ಪಾದಗಳಷ್ಟೇ ಕಾಣುತ್ತಿದ್ದವು. ಅವುಗಳಲ್ಲಿ ಒಂದು ನನ್ನದೇ ಎನ್ನುವಷ್ಟು ಗುರುತಿನದು. ಸುತ್ತು ಶುರುವಾಯಿತು, ಸೀರೆಯ ಅಂಚು ಛತ್ರಿಯಂತೆ ಅರಳಿತು. "ಸಾಕಽ ಅಕ್ಕಾ, ತಲಿ ತಿರಗತೈತಿ" ಎಂದು ಮೊದಲು ಕೈಬಿಟ್ಟವಳು ತಂಗಿ. ನನಗಾದ ಸಂತೋಷ ಹೇಳತೀರದು.

ಮರುದಿನ ತಂಗಿ ಬಸ್ಸು ಹತ್ತಿದ ಮೇಲೆ ಗುರುಸಿದ್ದವ್ವ ಬಂದು ಕುರ್ಚಿಯಲ್ಲಿ ಕೂತಳು. "ನೀಲಾ, ಆ ಲಟ್ಟಣಗಿ ಇತ್ತ ಸರಸು."

"ಯಾಕ್ರಿ ಅತ್ತಿ, ನಿಮಗೂ ಬ್ಯಾನಿ ಐತೇನು?"

"ಈರಣ್ಣ ಹುಟ್ಟಿದಾಗಿಂದ ಐತಿ. ಇಲ್ಲಂದ್ರ ನಾನೂ ಫುಗಡಿ ಬಿಡಾಕಿ ಅಲ್ಲ."

ಇಷ್ಟು ವರ್ಷ ಅವಳ ಕೈಯಲ್ಲಿದ್ದ ನನಗೂ ಇದು ಗೊತ್ತಿರಲಿಲ್ಲ. ಗಡುಸಾದ ಆ ಹಿಮ್ಮಡಿ ಮೆಲ್ಲಗೆ ನನ್ನ ಮೇಲೆ ಇಳಿಯಿತು. ನಾನು ಉರುಳತೊಡಗಿದೆ.