ದುಡಿಮೆಯ ಚಿತ್ರ

ವಡೋದರಾದ ಗ್ಯಾಲರಿಯೊಂದು ‘ದುಡಿಮೆ’ ಎಂಬ ವಿಷಯ ಕೊಟ್ಟು ಛಾಯಾಚಿತ್ರ ಸ್ಪರ್ಧೆ ನಡೆಸಿತ್ತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನೆಲೆಸಿರುವ ಧಾರವಾಡದ ಮಂದಾಕಿನಿಯ ಚಿತ್ರ ಕೊನೆಯ ಸುತ್ತಿಗೆ ಬಂದಿತ್ತು. ಅದರಲ್ಲಿ ವಸ್ತ್ರಾಪುರ ಕೆರೆಯ ಬಳಿ ತರಕಾರಿ ಮಾರುವ ಜಶೀಬೆನ್ ತನ್ನ ಗಾಡಿಗೆ ಒರಗಿ ನಿದ್ದೆ ಹೋಗಿದ್ದಳು.

ಪ್ರದರ್ಶನದ ಮೊದಲ ದಿನ ಮಂದಾಕಿನಿ ಖುಷಿಯಿಂದ ಜಶೀಬೆನ್‌ಳನ್ನೂ ಕರೆದುಕೊಂಡು ಹೋದಳು. ಜಶೀಬೆನ್ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಹಿಂದಿಯಲ್ಲಿ ಕೇಳಿದಳು: “ಮೂವತ್ತು ವರ್ಷದಿಂದ ದುಡೀತಿದ್ದೀನಿ ಬೆನ್. ನಾನು ಮಲಗಿದ್ದೇ ಬೇಕಿತ್ತಾ ನಿಮಗೆ?”

ಮಂದಾಕಿನಿಗೆ ನಾಚಿಕೆಯಾಯಿತು. ಚಿತ್ರ ತೆಗೆಯುವಾಗ ಅವಳು ಜಶೀಬೆನ್‌ಳನ್ನು ಒಂದು ಮಾತೂ ಕೇಳಿರಲಿಲ್ಲ. ಹೊರಗೆ ಬಂದು ಗಂಡ ಅಚ್ಯುತನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

“ಆ ಫೋಟೊ ಇಳಿಸಾಕ ಹೇಳ್ಲೇನ್ರಿ?”

“ಸ್ಪರ್ಧೆಯಿಂದ ನಿನ್ನ ತಗದ್ ಹಾಕ್ತಾರ ನೋಡು,” ಎಂದ ಅಚ್ಯುತ.

“ಹಾಕ್ಲಿ ಬಿಡ್ರಿ.”

ಸಂಘಟಕರು ಬೇಸರದಿಂದಲೇ ಚಿತ್ರ ಇಳಿಸಿ, ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ತಿರುಗಿ ಬರುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಜಶೀಬೆನ್ ತಾನಾಗಿಯೇ ಹೇಳಿದಳು: “ನಾಳೆ ಬೆಳಗ್ಗೆ ಐದಕ್ಕೆ ತರಕಾರಿ ಮಂಡಿಗೆ ಬನ್ನಿ. ಆಲೂಗಡ್ಡೆ ಮೂಟೆ ನಾನೇ ಹೊರೋದು. ಅದನ್ನ ತೆಗೀರಿ.”

ಮಂದಾಕಿನಿ ಕೂತಲ್ಲೇ ನಾಲ್ಕು ಗಂಟೆಗೆ ಅಲಾರಾಂ ಇಟ್ಟುಕೊಂಡಳು.