ಎರಡನೆಯ ಕೂಸು

ಹತ್ತರ ಹೆಗಲ ಮೇಲೆ ಪುಟ್ಟದಾಗಿ ಕೂರುವ ಅಂಕಿಗೆ, ಅಂದರೆ ಘಾತಾಂಕಕ್ಕೆ, ನಮ್ಮ ಲ್ಯಾಬಿನಲ್ಲಿ ಕೂಸು ಎಂದು ಹೆಸರು. ಕೂಸು ನಾಲ್ಕಾದರೆ ಹತ್ತು ಸಾವಿರ, ಐದಾದರೆ ಲಕ್ಷ. ಕೂಸಿನ ಮುಂದೆ ಮೈನಸ್ ಇದ್ದರೆ ಅದು ಅಳುತ್ತಿದೆ ಎನ್ನುತ್ತೇವೆ. ಮೈನಸ್ ಮೂರು ಎಂದರೆ ಸಾವಿರದಲ್ಲೊಂದು ಪಾಲು. ಯಂತ್ರಗಳ ಗದ್ದಲದಲ್ಲಿ ಕೂಗಿ ಹೇಳಲು ಇದೇ ಸಲೀಸು.

ಅವತ್ತು ಮಾತ್ರ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ನನ್ನ ತಂಗಿಯ ಕೂಸು, ಇನ್ನೂ ಕತ್ತು ನಿಲ್ಲದ ಹೆಣ್ಣುಮಗು, ಮೇಲಿನ ವಾರ್ಡಿನಲ್ಲಿ ಜ್ವರದಿಂದ ಮಲಗಿತ್ತು. ಮೂತ್ರದ ಪರೀಕ್ಷೆ ನಮ್ಮಲ್ಲೇ. ಮಿಲಿಲೀಟರಿಗೆ ಲಕ್ಷ ದಾಟಿ ರೋಗಾಣು ಇದ್ದರೆ ಮಾತ್ರ ಬಿರುಸಾದ ಔಷಧ ಎಂದು ಡಾಕ್ಟರಮ್ಮ ಹೇಳಿದ್ದರು. ಎಳೆಗೂಸಿನ ಕಿವಿಗೆ ಅದರಿಂದ ಪೆಟ್ಟಾಗಬಹುದಂತೆ. ಕೊಟ್ಟರೂ ಭಯ, ಬಿಟ್ಟರೂ ಭಯ. ಸ್ವಂತದವರ ಮಾದರಿ ಮುಟ್ಟಬಾರದೆಂಬ ನಿಯಮ ಬೇರೆ. ಹಾಗಾಗಿ ಅದು ಸೋಡಾಬುಡ್ಡಿಯ ಪಾಲಿಗೆ ಬಂತು. ದಪ್ಪ ಕನ್ನಡಕದ ಈ ಸಹೋದ್ಯೋಗಿ ಒಳ್ಳೆಯವನೇ, ಆದರೆ ಆಮೆಯ ತಮ್ಮ. ಅವನು ತಟ್ಟೆಯಲ್ಲಿ ಬೆಳೆದ ರೋಗಾಣುಗಳ ಚುಕ್ಕಿಗಳನ್ನು ಎಣಿಸುತ್ತಿದ್ದರೆ ನಾನು ಬೆನ್ನ ಹಿಂದೆ ಉಗುರು ಕಚ್ಚುತ್ತ ನಿಂತಿದ್ದೆ.

"ಸ್ವಲ್ಪ ಆಚೆ ನಿಂತ್ಕೊಳ್ಳಿ. ನಿಮ್ಮ ಉಸಿರು ತಟ್ಟೆ ಮೇಲೆ ಬೀಳ್ತಿದೆ."

"ನನ್ನ ಉಸಿರಿನ ಲೆಕ್ಕ ಯಾಕ್ರೀ? ಚುಕ್ಕಿ ಎಣಿಸ್ರೀ ಮೊದ್ಲು."

ಕೊನೆಗೂ ಎಂದಿನಂತೆ ಕೂಗಿದ. "ಅರವತ್ಮೂರು! ಕೂಸು ಮೂರು, ಅಳ್ತಿದೆ!" ಮಾದರಿಯನ್ನು ಸಾವಿರ ಪಾಲು ತೆಳು ಮಾಡಿದ್ದೇನೆ ಎಂದು ಅದರರ್ಥ.

ಫಲಿತಾಂಶ ಕೇಳಲು ಬಂದ ತಂಗಿ ಆಗಷ್ಟೇ ಬಾಗಿಲಿಗೆ ಬಂದಿದ್ದಳು. "ಅಯ್ಯೋ, ಕೂಸು ಅಳ್ತಿದ್ಯಾ?" ಎಂದವಳೇ ಮೆಟ್ಟಿಲ ಕಡೆ ಓಡಿದಳು. "ಆ ಕೂಸಲ್ವೇ, ನಿಲ್ಲೇ!" ಎನ್ನುತ್ತ ನಾನೂ ಎದ್ದುಬಿದ್ದು ಓಡಿದೆ.

ಕೂಸು ಅಳುತ್ತಿರಲಿಲ್ಲ. ಅದೇ ಹೆದರಿಕೆ. ಕೆನ್ನೆ ತಟ್ಟಿದರೂ ಸುಮ್ಮನೆ ಗೋಡೆ ನೋಡುತ್ತಿತ್ತು.

"ಬೆಳಗ್ಗಿಂದ ಒಂದ್ಸಲಾನೂ ಅತ್ತಿಲ್ಲ ಕಣಕ್ಕ," ಎಂದಳು ತಂಗಿ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಲ್ಯಾಬಿಂದ ಫೋನ್ ಬಂತು. ಅರವತ್ಮೂರು ಸಾವಿರವಂತೆ, ಲಕ್ಷ ದಾಟಿಲ್ಲ. ಆ ಔಷಧ ಬೇಡ, ನಾಳೆವರೆಗೂ ಕಾಯೋಣ."

ತಂಗಿ ಕೈ ಮುಗಿದಳು. ನನಗೂ ಒಂದು ಗಳಿಗೆ ಎದೆ ಹಗುರಾಯಿತು. ಆಮೇಲೆ ಲೆಕ್ಕ ತಲೆ ಕೊರೆಯತೊಡಗಿತು. ಅರವತ್ತಮೂರೆಂದರೆ ಆರು ಪಾಯಿಂಟ್ ಮೂರು, ಕೂಸು ಒಂದು. ಅದನ್ನು ತೆಳು ಮಾಡಿದ ಪಾಲಿನಿಂದ, ಅಂದರೆ ಕೂಸು ಮೈನಸ್ ಮೂರರಿಂದ, ಭಾಗಿಸಿದರೆ ಮೈನಸ್ ಪ್ಲಸ್ಸಾಗುತ್ತದೆ. ಒಂದಕ್ಕೆ ಮೂರು ಕೂಡಿ ಕೂಸು ನಾಲ್ಕು. ಅರವತ್ತಮೂರು ಸಾವಿರ, ಸರಿ. ಆದರೆ ತಟ್ಟೆಗೆ ನಾವು ಹಾಕುವುದು ಪೂರ್ತಿ ಮಿಲಿಲೀಟರಲ್ಲ, ಅದರ ಹತ್ತರಲ್ಲೊಂದು ಪಾಲು. ಅದೂ ಅಳುವ ಕೂಸೇ, ಮೈನಸ್ ಒಂದು. ತೆಳು ಮಾಡಿದ್ದನ್ನು ಎಣಿಸಿದವರು ಕೂಗಬೇಕು, ತಟ್ಟೆಗೆ ಹಾಕಿದ್ದನ್ನು ಪಕ್ಕದವರು ಕೂಗಬೇಕು, ಇದು ನಮ್ಮ ರೂಢಿ. ಪಕ್ಕದಲ್ಲಿದ್ದ ನಾನು ಕೂಗದೆ ಇಲ್ಲಿಗೆ ಓಡಿಬಂದಿದ್ದೆ.

ವಾರ್ಡಿನ ಫೋನು ಕಿತ್ತುಕೊಂಡು ಲ್ಯಾಬಿಗೆ ಹಚ್ಚಿದೆ. "ಎರಡನೇ ಕೂಸೆಲ್ರೀ?"

ಆ ಕಡೆ ಸೋಡಾಬುಡ್ಡಿ ಹಣೆ ಚಚ್ಚಿಕೊಂಡ ಸದ್ದು. "ಅಯ್ಯಯ್ಯೋ. ನೀವು ಕೂಗ್ಲಿಲ್ಲ, ನಾನು ಹಿಡೀಲಿಲ್ಲ."

"ಜಗಳ ಆಮೇಲೆ ಆಡೋಣ. ಈಗ ಹೇಳಿ."

"ಮೈನಸ್ ಮೂರು, ಮೈನಸ್ ಒಂದು, ಒಟ್ಟು ಮೈನಸ್ ನಾಲ್ಕು. ತಿರುಗಿದ್ರೆ ನಾಲ್ಕು. ಅದಕ್ಕೆ ಒಂದು ಕೂಡಿದ್ರೆ..."

"ಐದು," ಎಂದೆ.

"ಐದು. ಆರು ಲಕ್ಷ ಮೂವತ್ತು ಸಾವಿರ."

ಫೋನನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡು, ಆ ಔಷಧ ಶುರು ಮಾಡುವಂತೆ ನರ್ಸಿಗೆ ತಲೆಯಾಡಿಸಿದರು.

"ಕಿವಿ?" ಎಂದಳು ತಂಗಿ.

"ಕಿವಿ ಮೇಲೆ ಕಣ್ಣಿಟ್ಟಿರ್ತೀವಿ. ಮೊದ್ಲು ಮಗು ಉಳೀಲಿ."

ಆ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲ. ಮರುದಿನ ಲ್ಯಾಬಿನಲ್ಲಿ ಫೋನು ಹೊಡೆದುಕೊಂಡಾಗ ಎತ್ತಲು ಕೈ ಬರಲಿಲ್ಲ. ಸೋಡಾಬುಡ್ಡಿಯೇ ಎತ್ತಿ ನನ್ನ ಕಿವಿಗೆ ಹಿಡಿದ.

"ಅಕ್ಕಾ, ಕೂಸು ಅಳ್ತಿದೆ!"

"ಎಷ್ಟು?" ಎಂದೆ, ಅಭ್ಯಾಸಬಲದಿಂದ.

"ಎಷ್ಟು ಅಂದ್ರೆ? ವಾರ್ಡೆಲ್ಲ ಎದ್ದು ಕೂತಿದೆ ಕಣೇ!"

ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. ಎಷ್ಟು ತಡೆದರೂ ಕಣ್ಣೀರು ನಿಲ್ಲಲಿಲ್ಲ. ಸೋಡಾಬುಡ್ಡಿ ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ ನೋಡಿದ.

"ಈಗ ಲೆಕ್ಕ ಸರಿಹೋಯ್ತು ನೋಡಿ," ಎಂದ. "ಎರಡೂ ಅಳ್ತಿವೆ."